ಇದು ಮೀನಾ, ಕಾಲಿದ್ದ ಪ್ರಾಣಿಯಾ? ಕಲ್ಲಿನೊಳಗೆ ಹೊಸ ಪ್ರಭೇದ ಗುರುತಿಸುವ ಬಗೆ

1971ರಲ್ಲಿ ಸ್ಕಾಟ್ಲೆಂಡಿನ ಡಂಬಾರ್ಟನ್ ಹತ್ತಿರ ಪೆಡರ್ ಆಸ್ಪೆನ್ ಅನ್ನುವವರಿಗೆ ಒಂದು ಸುಣ್ಣಕಲ್ಲಿನ ಗಡ್ಡೆ ಸಿಕ್ಕಿತು. ಒಳಗೆ ಮೂಳೆಗಳಿದ್ದವು. ಗ್ಲಾಸ್ಗೋದ ಹಂಟೇರಿಯನ್ ಮ್ಯೂಸಿಯಂನಲ್ಲಿ ಅದು ಮೀನುಗಳ ಸಾಲಿಗೆ ಸೇರಿತು. ಆ ಕಾಲದ ಕಲ್ಲಿನಲ್ಲಿ ಮೀನೇ ಜಾಸ್ತಿ ಸಿಗೋದು, ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು. ಎಷ್ಟೋ ವರ್ಷದ ಮೇಲೆ ಕೇಂಬ್ರಿಡ್ಜಿನ ಪಳೆಯುಳಿಕೆ ತಜ್ಞೆ ಜೆನ್ನಿ ಕ್ಲಾಕ್ ಅದನ್ನು ಮತ್ತೆ ಕೈಗೆತ್ತಿಕೊಂಡರು. ಸಾರಾ ಫಿನ್ನಿ ಕಲ್ಲು ಕೆರೆದು ಮೂಳೆ ಬಿಡಿಸಿದರು. ಒಳಗೆ ಕಾಲಿತ್ತು, ಪಾದವಿತ್ತು. ಸುಮಾರು ಒಂದು ಮೀಟರ್ ಉದ್ದದ ಪ್ರಾಣಿ, ಬಾಲ ಮತ್ತು ತಲೆ, ಕಾಲಿನ ಕೆಲವು ಮೂಳೆ ಬಿಟ್ಟರೆ ಬಹುತೇಕ ಪೂರ್ತಿ. 2002ರಲ್ಲಿ ಅದಕ್ಕೆ ಪೆಡರ್ಪೆಸ್ ಫಿನ್ನೀಯೆ ಅಂತ ಹೆಸರಾಯಿತು.

ಅದರ ವಯಸ್ಸು ಸುಮಾರು 35 ಕೋಟಿ ವರ್ಷ. ಆ ಹೊತ್ತಿನ ನಾಲ್ಕು ಕಾಲಿನ ಪ್ರಾಣಿಗಳ ಮೂಳೆ ಆಗ ಹೆಚ್ಚುಕಡಿಮೆ ಸಿಕ್ಕೇ ಇರಲಿಲ್ಲ. ಸುಮಾರು 36 ಕೋಟಿಯಿಂದ 34.5 ಕೋಟಿ ವರ್ಷದ ಹಿಂದಿನ ಆ ಖಾಲಿ ಜಾಗಕ್ಕೆ ಪಳೆಯುಳಿಕೆ ತಜ್ಞ ಆಲ್ಫ್ರೆಡ್ ರೋಮರ್ ಹೆಸರಿನಲ್ಲಿ 'ರೋಮರನ ಕಂದಕ' ಅಂತಲೇ ಹೇಳುತ್ತಾರೆ. ಅದರ ನಡುವಿನ ಒಂದು ಪ್ರಾಣಿ ಮ್ಯೂಸಿಯಂನಲ್ಲೇ ಕೂತಿತ್ತು.

ನಾನು ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ಹೊಸ ಪ್ರಭೇದ ಸಿಗೋದು ಬೆಟ್ಟದಲ್ಲಿ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಬೆಟ್ಟದಲ್ಲಿ ಸಿಗೋದು ಮೂಳೆ. ಅದು ಹೊಸದು ಅಂತ ಗೊತ್ತಾಗೋದು ಮೇಜಿನ ಮೇಲೆ, ಅದರ ಪಕ್ಕದಲ್ಲಿ ಇನ್ನೊಂದು ಮೂಳೆ ಇಟ್ಟು ನೋಡಿದಾಗ. ಹೋಲಿಕೆ ಮಾಡುವ ಆ ಕೆಲಸ ಹೇಗೆ ನಡೆಯುತ್ತದೆ ಅಂತ ಇಲ್ಲಿ ಹೇಳುತ್ತೇನೆ. ಭೂವಿಜ್ಞಾನ ಓದುತ್ತಿರುವವರಿಗೆ, ಇಂಥದ್ದರಲ್ಲಿ ಆಸಕ್ತಿ ಇರುವವರಿಗೆ, ಮ್ಯೂಸಿಯಂನಲ್ಲಿ ಕೆಲಸ ಮಾಡುವವರಿಗೆ ಇದು ಉಪಯೋಗ ಆಗಬಹುದು.

ಮೊದಲು ಕಲ್ಲಿನ ವಯಸ್ಸು

ನೆಲಕ್ಕೆ ಕಾಲಿಟ್ಟ ಮೊದಲ ಬೆನ್ನೆಲುಬಿನ ಪ್ರಾಣಿಗಳನ್ನು ಹುಡುಕಬೇಕಾದ ಕಲ್ಲು ಡೆವೋನಿಯನ್ ಕಾಲದ ಕೊನೆಯದು ಮತ್ತು ಕಾರ್ಬೋನಿಫೆರಸ್ ಕಾಲದ ಮೊದಲಿನದು. ಸರಿಸುಮಾರು 38 ಕೋಟಿಯಿಂದ 33 ಕೋಟಿ ವರ್ಷ ಹಳೆಯದು ಅಂತ ಇಟ್ಟುಕೊಳ್ಳಿ. ಹೊಳೆ, ಕೆರೆ, ಅಳಿವೆಯ ಕೆಸರು ಗಟ್ಟಿಯಾಗಿ ಆದ ಕಲ್ಲಾಗಿರಬೇಕು. ಪೂರ್ವ ಗ್ರೀನ್‌ಲ್ಯಾಂಡ್, ಸ್ಕಾಟ್ಲೆಂಡ್, ಲಾಟ್ವಿಯಾ, ರಷ್ಯಾ, ಕೆನಡಾದ ಎಲ್ಸ್‌ಮಿಯರ್ ದ್ವೀಪ, ಅಮೆರಿಕದ ಪೆನ್ಸಿಲ್ವೇನಿಯಾ, ದಕ್ಷಿಣ ಆಫ್ರಿಕಾದ ವಾಟರ್‌ಲೂ ಫಾರ್ಮ್, ಇವೆಲ್ಲ ಈ ಕೆಲಸದಲ್ಲಿ ಪದೇ ಪದೇ ಕೇಳಿಬರುವ ಹೆಸರುಗಳು.

ನಮ್ಮ ಕರ್ನಾಟಕದಲ್ಲಿ ಸಿಗಲ್ವಾ ಅಂತ ಕೇಳುತ್ತೀರಿ. ಸಿಗಲ್ಲ. ಧಾರವಾಡ ಶಿಲೆಗಳು 250 ಕೋಟಿ ವರ್ಷಕ್ಕಿಂತ ಹಳೆಯವು, ಕಲಾದಗಿ ಮತ್ತು ಭೀಮಾ ಪಾತ್ರದ ಕಲ್ಲುಗಳು ಕೂಡ ಬೆನ್ನೆಲುಬು ಅನ್ನುವುದೇ ಇಲ್ಲದ ಕಾಲದವು, ಉತ್ತರದ ಕಪ್ಪು ಲಾವಾ ಕಲ್ಲು ನೋಡಿದರೆ ಬರೀ 6.6 ಕೋಟಿ ವರ್ಷದ ಆಸುಪಾಸಿನದು. ಒಂದೋ ತೀರಾ ಮುಂಚೆ, ಇಲ್ಲ ತೀರಾ ಆಮೇಲೆ. ನಮಗೆ ಹತ್ತಿರ ಅಂದರೆ ತೆಲಂಗಾಣದ ಪ್ರಾಣಹಿತಾ-ಗೋದಾವರಿ ಕಣಿವೆ. ಅಲ್ಲಿ ಟ್ರಯಾಸಿಕ್ ಕಾಲದ ದೊಡ್ಡ ಚಪ್ಪಟೆ ತಲೆಯ ಉಭಯವಾಸಿಗಳು ಸಿಕ್ಕಿವೆ, ಕೋಲ್ಕತ್ತಾದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನವರು ಅವುಗಳ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಅವು ಮೊದಲ ಕಾಲಿನ ಪ್ರಾಣಿಗಳಿಗಿಂತ ಎಷ್ಟೋ ಈಚಿನವು. ಆದರೆ ಹೋಲಿಸಿ ನೋಡುವ ರೀತಿ ಎರಡಕ್ಕೂ ಒಂದೇ, ಹಾಗಾಗಿ ಕೈ ಪಳಗಿಸಿಕೊಳ್ಳುವುದಕ್ಕೆ ಇದು ಒಳ್ಳೆಯ ಜಾಗ.

ಕಲ್ಲಿನ ವಯಸ್ಸನ್ನು ಅಂದಾಜಿನಲ್ಲಿ ಬಿಡಬೇಡಿ. ಮೂಳೆ ಸಿಕ್ಕ ಪದರದಿಂದಲೇ ಒಂದಿಷ್ಟು ಕಲ್ಲು ತೆಗೆದು, ಅದರೊಳಗಿನ ಹಳೆಯ ಗಿಡಗಳ ಸ್ಪೋರ್‌ಗಳನ್ನು, ಅಂದರೆ ಬೀಜಕಣಗಳನ್ನು, ಆ ವಿಷಯ ಗೊತ್ತಿರುವವರಿಂದ ನೋಡಿಸಿ. ರೆಟಿಸ್ಪೋರಾ ಲೆಪಿಡೋಫೈಟಾ ಅನ್ನುವ ಒಂದು ಸ್ಪೋರ್ ಇದೆ, ಅದು ಡೆವೋನಿಯನ್ ಕಾಲದ ಕಟ್ಟಕಡೆಯಲ್ಲಿ ಎಲ್ಲೆಲ್ಲೂ ಕಾಣಿಸಿ ಆ ಕಾಲ ಮುಗಿಯುವಾಗ ಇಲ್ಲವಾಗುತ್ತದೆ. ಕಣ್ಣಿಗೆ ಕಾಣದ ಅಂಥ ಒಂದು ಕಣ ನಿಮ್ಮ ಪ್ರಾಣಿ ಆ ಗಡಿಯ ಯಾವ ಕಡೆಗಿದೆ ಅಂತ ಹೇಳಿಬಿಡುತ್ತದೆ.

ಜಾಗದಲ್ಲಿ ಮಾಡಬೇಕಾದ್ದು

ಮೂಳೆ ಕಂಡ ತಕ್ಷಣ ಕೀಳಬೇಡಿ. ಫೋಟೋ, ಅಳತೆ, ಜಿಪಿಎಸ್, ಯಾವ ಪದರ, ಕೆಳಗಿನಿಂದ ಎಷ್ಟು ಎತ್ತರ, ಮೂಳೆ ಯಾವ ದಿಕ್ಕಿಗೆ ಮಲಗಿದೆ, ಇಷ್ಟನ್ನೂ ಅಲ್ಲೇ ನಿಂತು ಬರೆಯಿರಿ. ರೂಮಿಗೆ ಹೋಗಿ ಬರೆಯುತ್ತೇನೆ ಅಂದರೆ ಅರ್ಧ ಮರೆತಿರುತ್ತೀರಿ. ಕಲ್ಲು ಸೀಳಿ ಎರಡು ಹಾಳೆಯಾದರೆ ಎರಡನ್ನೂ ಇಟ್ಟುಕೊಳ್ಳಿ. ಒಂದರಲ್ಲಿ ಮೂಳೆ ಇರುತ್ತದೆ, ಇನ್ನೊಂದರಲ್ಲಿ ಅದರ ಅಚ್ಚು ಇರುತ್ತದೆ, ಎಷ್ಟೋ ಸಲ ಅಚ್ಚಿನ ಕಡೆಯೇ ವಿವರ ಚೆನ್ನಾಗಿ ಉಳಿದಿರುತ್ತದೆ. ಅಗೆಯುವುದಕ್ಕೆ, ಸಾಗಿಸುವುದಕ್ಕೆ ಅನುಮತಿ ಬೇಕೇ ಬೇಕು. ಅದಿಲ್ಲದೆ ತಂದದ್ದನ್ನು ಒಳ್ಳೆಯ ಪತ್ರಿಕೆಗಳು ಪ್ರಕಟಿಸುವುದಿಲ್ಲ.

ನೋಟ್‌ಬುಕ್ ಎಷ್ಟು ಮುಖ್ಯ ಅಂತ ಒಂದು ಉದಾಹರಣೆ. ಜೆನ್ನಿ ಕ್ಲಾಕ್ 1987ರಲ್ಲಿ ಪೂರ್ವ ಗ್ರೀನ್‌ಲ್ಯಾಂಡಿಗೆ ಹೋಗಿ ಅಕಾಂಥೊಸ್ಟೆಗಾ ಅನ್ನುವ, ಡೆವೋನಿಯನ್ ಕಾಲದ ಕಾಲಿದ್ದ ಪ್ರಾಣಿಯ ಅದ್ಭುತ ಅಸ್ಥಿಪಂಜರಗಳನ್ನು ತಂದರು. ಎಲ್ಲಿ ಹುಡುಕಬೇಕು ಅಂತ ಅವರಿಗೆ ದಾರಿ ತೋರಿಸಿದ್ದು ಕೇಂಬ್ರಿಡ್ಜಿನ ಜಾನ್ ನಿಕಲ್ಸನ್ ಅನ್ನುವ ಭೂವಿಜ್ಞಾನದ ವಿದ್ಯಾರ್ಥಿ 1970ರ ಆಸುಪಾಸಿನಲ್ಲಿ ಬರೆದಿಟ್ಟ ಟಿಪ್ಪಣಿ, ಜೊತೆಗೆ ಅವನು ತಂದಿಟ್ಟಿದ್ದ ಕಲ್ಲುಗಳು. ಈ ಎತ್ತರದಲ್ಲಿ ತಲೆಬುರುಡೆಯ ಮೂಳೆಗಳು ಸಾಕಷ್ಟಿವೆ ಅಂತ ಅವನು ಬರೆದಿದ್ದ. ಅವನು ಹುಡುಕಲು ಹೋಗಿದ್ದು ಕಲ್ಲಿನ ಪದರಗಳನ್ನು, ಮೂಳೆಗಳನ್ನಲ್ಲ. ಆದರೂ ಬರೆದಿಟ್ಟ.

ಕಲ್ಲಿನಿಂದ ಬಿಡಿಸುವುದು

ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ಹಾಳು. ಸೂಕ್ಷ್ಮದರ್ಶಕದ ಕೆಳಗೆ ಗಟ್ಟಿ ಸೂಜಿಯಿಂದ, ಇಲ್ಲವೇ ಗಾಳಿಯ ಒತ್ತಡದಲ್ಲಿ ಕಂಪಿಸುವ ಸಣ್ಣ ಮೊನೆಯ ಪೆನ್ನಿನಂಥ ಸಾಧನದಿಂದ, ಕಲ್ಲನ್ನು ಕಾಳು ಕಾಳಾಗಿ ಎಬ್ಬಿಸಬೇಕು. ಮೊನೆ ಯಾವಾಗಲೂ ಮೂಳೆಯಿಂದ ಆಚೆಗೆ ಹೋಗುವ ಹಾಗೆ ಹಿಡಿಯಿರಿ. ಕಲ್ಲಿನ ಬಣ್ಣ ಮತ್ತು ಮೂಳೆಯ ಬಣ್ಣ ಒಂದೇ ಆಗಿದ್ದರೆ ಒಂದು ಹನಿ ನೀರು ಹಾಕಿ ಪಕ್ಕದಿಂದ ದೀಪ ಬಿಡಿ, ಮೂಳೆಯ ಮೇಲ್ಮೈ ಬೇರೆ ಥರ ಹೊಳೆಯುತ್ತದೆ. ಸುಣ್ಣಕಲ್ಲಾದರೆ ತೆಳುವಾದ ಅಸಿಟಿಕ್ ಆಮ್ಲದಲ್ಲಿ ಇಡುತ್ತಾರೆ. ವಿನೆಗರ್‌ನಲ್ಲಿ ಇರುತ್ತದಲ್ಲ, ಅದೇ. ಸುಣ್ಣ ಕರಗುತ್ತದೆ, ಮೂಳೆ ಕ್ಯಾಲ್ಸಿಯಂ ಫಾಸ್ಫೇಟ್ ಆದ್ದರಿಂದ ಉಳಿಯುತ್ತದೆ. ಪಕ್ಕದಲ್ಲಿ ಗೊತ್ತಿರುವವರು ಇಲ್ಲದೆ ಇದನ್ನು ಮಾಡಲೇಬೇಡಿ.

ಬಿರುಕು ಬಿಟ್ಟರೆ ಪ್ಯಾರಲಾಯ್ಡ್ ಬಿ-72 ಅನ್ನುವ ಅಂಟನ್ನು ಅಸಿಟೋನ್‌ನಲ್ಲಿ ಕರಗಿಸಿ ಹಾಕುತ್ತಾರೆ. ನಾಳೆ ಬೇಡ ಅಂದರೆ ಅಸಿಟೋನ್ ಹಾಕಿ ತೆಗೆಯಬಹುದು. ಫೆವಿಕ್ವಿಕ್ ಥರದ್ದು ಬೇಡ. ಒಂದು ಸಲ ಅಂಟಿದರೆ ಆಮೇಲೆ ಬಿಡಿಸುವುದು ಬಹಳ ಕಷ್ಟ. ಕಲ್ಲೊಳಗೆ ಸಿಕ್ಕಿಕೊಂಡು ಬಿಡಿಸಲಾಗದ ಭಾಗಕ್ಕೆ ಸಿಟಿ ಸ್ಕ್ಯಾನ್ ಇದೆ, ಈಗ ಹೆಚ್ಚಿನವರು ಮೊದಲು ಸ್ಕ್ಯಾನ್ ಮಾಡಿ ಆಮೇಲೆ ಸೂಜಿ ಮುಟ್ಟುತ್ತಾರೆ. ಅದೇ ಸರಿ ಅಂತ ನನಗೂ ಅನಿಸುತ್ತದೆ.

ಮೀನಾ, ಅಲ್ವಾ?

ಈಗ ನಿಜವಾದ ಪ್ರಶ್ನೆ. ಇದಕ್ಕೆ ಪುಸ್ತಕಕ್ಕಿಂತ ಮುಂಚೆ ಅಡುಗೆಮನೆಗೆ ಹೋಗಿ ಅಂತ ನಾನು ಹೇಳುತ್ತೇನೆ.

ಒಂದು ಕಾಟ್ಲಾ ಮೀನಿನ ತಲೆ ತನ್ನಿ. ಮೀನು ಮಾರುವವರು ತಲೆ ಕತ್ತರಿಸಿ ಕೊಟ್ಟಾಗ ಅದರ ಜೊತೆಗೆ ಎರಡು ಮುಂದಿನ ರೆಕ್ಕೆಗಳೂ ಬಂದಿರುತ್ತವೆ, ಗಮನಿಸಿದ್ದೀರಾ? ಕಿವಿರಿನ ಮುಚ್ಚಳ ಎತ್ತಿ. ಕೆಂಪು ಕಿವಿರು ಕಾಣುತ್ತದೆ. ಅದರ ಹಿಂದೆ ಬೆರಳು ಆಡಿಸಿದರೆ ಗೋಡೆಯ ಹಾಗೆ ಒಂದು ಬಾಗಿದ ಗಟ್ಟಿ ಮೂಳೆ ತಾಗುತ್ತದೆ. ಅದರ ಹೆಸರು ಕ್ಲೀಥ್ರಮ್. ರೆಕ್ಕೆ ಅದಕ್ಕೇ ಅಂಟಿಕೊಂಡಿದೆ. ಆ ಮೂಳೆಯ ಮೇಲಿನ ತುದಿಯನ್ನು ಹಿಡಿದು ನಿಧಾನವಾಗಿ ಅಲುಗಾಡಿಸಿ. ಒಂದೆರಡು ಸಣ್ಣ ಮೂಳೆಗಳ ಕೊಂಡಿಯಲ್ಲಿ ಅದು ತಲೆಬುರುಡೆಯ ಹಿಂಭಾಗಕ್ಕೆ ಸೇರಿರುವುದು ಗೊತ್ತಾಗುತ್ತದೆ. ಅಂದರೆ ಮೀನಿನ ಭುಜ ಅದರ ತಲೆಗೇ ಕಟ್ಟಿಹಾಕಿದೆ. ಅದಕ್ಕೆ ಕತ್ತು ಇಲ್ಲ. ತಲೆ ತಿರುಗಿಸಬೇಕು ಅಂದರೆ ಮೈಯನ್ನೇ ತಿರುಗಿಸಬೇಕು. ಕೋಳಿಯಲ್ಲಿ ನೋಡಿ, ತಲೆ ತೆಗೆದರೆ ತಲೆ ಮಾತ್ರ ಬರುತ್ತದೆ, ರೆಕ್ಕೆ ಮೈಯಲ್ಲೇ ಉಳಿಯುತ್ತದೆ.

ನೆಲಕ್ಕೆ ಬಂದ ಪ್ರಾಣಿಗಳಲ್ಲಿ ಆ ಕೊಂಡಿಯ ಮೂಳೆಗಳು ಹೋದವು, ಕಿವಿರಿನ ಮುಚ್ಚಳ ಹೋಯಿತು, ಭುಜ ತಲೆಯಿಂದ ಬಿಡುಗಡೆ ಆಯಿತು. ಹಾಗಾಗಿ ಈ ಕೆಲಸದಲ್ಲಿ ಕ್ಲೀಥ್ರಮ್ ಬಂಗಾರದಂಥ ಮೂಳೆ. ಅದರ ಮೇಲಿನ ತುದಿಯಲ್ಲಿ ಇನ್ನೊಂದು ಮೂಳೆ ಕೂರುವ ಜಾಗ ಇದೆಯಾ, ಹೊರಮೈಯಲ್ಲಿ ಮೀನಿನ ಚಿಪ್ಪಿನಂಥ ಕೆತ್ತನೆ ಇದೆಯಾ, ಕೆಳಗೆ ತೋಳು ಕೂರುವ ಮೂಳೆ ಎಷ್ಟು ದೊಡ್ಡದು ಅಂತ ನೋಡಿ. ಪೆನ್ಸಿಲ್ವೇನಿಯಾದ ಹೈನರ್ ಊರಿನ ಹತ್ತಿರ ರಸ್ತೆ ಬದಿಯ ಕಲ್ಲಿನಲ್ಲಿ ಸಿಕ್ಕ ಹೈನರ್‌ಪೆಟಾನ್‌ಗೆ 1994ರಲ್ಲಿ ಹೆಸರಿಟ್ಟಿದ್ದು ಒಂದು ಎಡ ಭುಜದ ಮೂಳೆಗಳನ್ನು ನೋಡಿ. ದಕ್ಷಿಣ ಆಫ್ರಿಕಾದಲ್ಲಿ ರಸ್ತೆ ಕೆಲಸ ನಡೆಯುವಾಗ ಉಳಿಸಿಕೊಂಡ ಕಲ್ಲುಗಳಿಂದ ರಾಬರ್ಟ್ ಗೆಸ್ ಮತ್ತು ಪೆರ್ ಆಲ್ಬರ್ಗ್ 2018ರಲ್ಲಿ ಎರಡು ಪ್ರಾಣಿಗಳನ್ನು ಹೆಸರಿಸಿದರು, ಅದರಲ್ಲಿ ಟುಟೂಸಿಯಸ್ ಅನ್ನುವುದಕ್ಕೆ ಆಧಾರ ಒಂದೇ ಒಂದು ಕ್ಲೀಥ್ರಮ್. ಹೆಸರು ಅಲ್ಲಿನ ಧರ್ಮಗುರು ಡೆಸ್ಮಂಡ್ ಟುಟು ಅವರದ್ದು. ಆ ಜಾಗ ಆಗಿನ ಕಾಲಕ್ಕೆ ದಕ್ಷಿಣ ಧ್ರುವ ವೃತ್ತದ ಒಳಗಿತ್ತು, ಬಿಸಿ ನಾಡಿನಲ್ಲಷ್ಟೇ ಇವು ಹುಟ್ಟಿದವು ಅನ್ನುವ ನಂಬಿಕೆಯನ್ನು ಆ ಒಂದಿಷ್ಟು ಮೂಳೆ ಅಲುಗಾಡಿಸಿಬಿಟ್ಟವು.

ಆದರೆ ಒಂದೇ ಲಕ್ಷಣ ಹಿಡಿದು ತೀರ್ಮಾನ ಮಾಡಬೇಡಿ. ಎಲ್ಸ್‌ಮಿಯರ್ ದ್ವೀಪದಲ್ಲಿ 2004ರಲ್ಲಿ ಸಿಕ್ಕ, 37.5 ಕೋಟಿ ವರ್ಷ ಹಳೆಯ ಟಿಕ್ಟಾಲಿಕ್‌ಗೆ ಕತ್ತು ಇದೆ, ಕಿವಿರಿನ ಮುಚ್ಚಳ ಇಲ್ಲ, ತಲೆ ಮೊಸಳೆಯ ಹಾಗೆ ಚಪ್ಪಟೆ. ಆದರೂ ಅದರ ಮುಂಗೈಯ ಕೊನೆಯಲ್ಲಿ ಇರುವುದು ರೆಕ್ಕೆಯ ಕಡ್ಡಿಗಳು, ಮೈ ತುಂಬ ಚಿಪ್ಪು. ಬೆರಳಿಲ್ಲ. ಇದಕ್ಕೆ ವಿರುದ್ಧವಾಗಿ ಅಕಾಂಥೊಸ್ಟೆಗಾಗೆ ಮುಂಗಾಲಿನಲ್ಲಿ ಎಂಟು ಬೆರಳು, ಆದರೆ ಒಳಗೆ ಮೀನಿನಂಥ ಕಿವಿರು. ಇಕ್ತಿಯೊಸ್ಟೆಗಾದ ಹಿಂಗಾಲಿನಲ್ಲಿ ಏಳು ಬೆರಳು, ಬಾಲದಲ್ಲಿ ಮೀನಿನ ರೆಕ್ಕೆ. ರಷ್ಯಾದ ಟುಲರ್‌ಪೆಟಾನ್‌ಗೆ ಆರು ಬೆರಳು. ಬೆರಳು ಸಿಕ್ಕರೆ ಮಾತೇ ಇಲ್ಲ, ಅದು ಕಾಲೇ. ಕಷ್ಟ ಏನು ಅಂದರೆ ಬೆರಳಿನ ಮೂಳೆಗಳು ಸಣ್ಣವು, ಕೊಳೆಯುವಾಗಲೇ ಹೊಳೆ ಅವನ್ನು ಹೊತ್ತುಕೊಂಡು ಹೋಗಿರುತ್ತದೆ.

ಬೇಗ ಮೋಸ ಹೋಗುವ ಜಾಗ ಹಲ್ಲು. ಹಲ್ಲನ್ನು ಅಡ್ಡ ಸೀಳಿದಾಗ ಒಳಗೆ ಸುತ್ತಿಬಳಸಿದ ಮಡಿಕೆಗಳು ಕಾಣುತ್ತವೆ, ನೋಡಲು ಬಹಳ ಚೆಂದ, ಹಳೆಯ ಉಭಯವಾಸಿಗಳ ಗುರುತು ಅಂತಲೂ ಓದಿರುತ್ತೀರಿ. ಆದರೆ ಅದೇ ಮಡಿಕೆ ಅವುಗಳ ನೆಂಟರಾದ ಮೀನುಗಳಲ್ಲೂ ಇದೆ. ಬರೀ ಹಲ್ಲು ಇಟ್ಟುಕೊಂಡು ಏನೂ ಹೇಳಲಾಗದು.

ದವಡೆ ಸಿಕ್ಕರೆ ಖುಷಿಪಡಿ. ಕೆಳದವಡೆ ಗಟ್ಟಿ, ಚೆನ್ನಾಗಿ ಉಳಿಯುತ್ತದೆ, ಅದರಲ್ಲಿ ಓದುವುದಕ್ಕೆ ಬೇಕಾದಷ್ಟಿದೆ. ಮೀನಿನ ದವಡೆಯ ಒಳಸಾಲಿನ ಮೂಳೆಗಳ ಮೇಲೆ ದೊಡ್ಡ ಕೋರೆಗಳು ನಿಂತಿರುತ್ತವೆ, ಕಾಲಿನ ಪ್ರಾಣಿಗಳ ಕಡೆಗೆ ಬಂದಂತೆ ಆ ಕೋರೆಗಳು ಸಣ್ಣವಾಗಿ ಇಲ್ಲವಾಗುತ್ತವೆ. ನೀರಿನ ಅಲುಗಾಟ ತಿಳಿಯುವ ನಾಲೆ ಮೀನಿನಲ್ಲಿ ಮೂಳೆಯೊಳಗೆ ಕೊಳವೆಯಾಗಿ ಹೋಗುತ್ತದೆ, ಹೊರಗೆ ಚುಕ್ಕಿ ಚುಕ್ಕಿ ತೂತು ಮಾತ್ರ ಕಾಣುತ್ತದೆ. ಮುಂದಿನ ಪ್ರಾಣಿಗಳಲ್ಲಿ ಅದು ತೆರೆದ ಚರಂಡಿಯ ಹಾಗೆ ಮೂಳೆಯ ಮೇಲೆ ಹರಿಯುತ್ತದೆ. ನಡುವಿನವುಗಳಲ್ಲಿ ಅರ್ಧ ಕೊಳವೆ, ಅರ್ಧ ಚರಂಡಿ. ಹತ್ತು ಪಟ್ಟು ದೊಡ್ಡದು ಮಾಡುವ ಕೈಗಾಜಿನಲ್ಲಿ ಇದು ಸಲೀಸಾಗಿ ಕಾಣುತ್ತದೆ. ಆಲ್ಬರ್ಗ್ ಮತ್ತು ಕ್ಲಾಕ್ 2020ರಲ್ಲಿ ಹೆಸರಿಸಿದ ಬ್ರಿಟ್ಟಾಗ್ನಾಥಸ್ ಪೂರ್ತಿ ನಿಂತಿರುವುದೇ ಸುಮಾರು ನಾಲ್ಕೂವರೆ ಸೆಂಟಿಮೀಟರ್ ಉದ್ದದ ಒಂದು ಕೆಳದವಡೆಯ ಮೇಲೆ.

ಹೊಸದು ಅನ್ನುವ ಮುಂಚೆ ಹಳೆಯದರ ಪರವಾಗಿ ವಾದ ಮಾಡಿ

ಕಾಲಿನ ಪ್ರಾಣಿ ಅಂತ ಗೊತ್ತಾಯಿತು. ಈಗ ಹೊಸದು ಅಂತ ಹೇಳಬೇಕು ಅನ್ನುವ ಆಸೆ ತಡೆಯಲಾಗುವುದಿಲ್ಲ. ಸ್ವಲ್ಪ ದಿನ ತಡೆಯಿರಿ. ಆ ಕಾಲದ ಹೆಸರಿರುವ ಪ್ರಾಣಿಗಳ ಪಟ್ಟಿ ಮಾಡಿ, ಅದೇನೂ ಬಹಳ ಉದ್ದ ಇಲ್ಲ. ಒಂದೊಂದನ್ನೂ ತೆಗೆದುಕೊಂಡು 'ನನ್ನ ಮೂಳೆ ಇದೇ ಯಾಕಾಗಬಾರದು' ಅಂತ ಕೇಳಿ. ಉತ್ತರವನ್ನು ಬರೆದಿಡಿ. ಸಾಧ್ಯವಾದರೆ ಆ ಮೂಳೆಗಳನ್ನೇ ಹೋಗಿ ನೋಡಿ, ಇಲ್ಲ ಅಂದರೆ ಅಚ್ಚು ತರಿಸಿ, ಅದೂ ಆಗದಿದ್ದರೆ ಸ್ಕ್ಯಾನ್ ಕೇಳಿ. ಚಿತ್ರ ನೋಡಿ ಹೋಲಿಸುವುದು ಕೊನೆಯ ದಾರಿ, ಯಾಕೆಂದರೆ ಚಿತ್ರ ಬರೆದವರು ಏನು ಕಂಡರೋ ಅದನ್ನೇ ಚಿತ್ರ ತೋರಿಸುತ್ತದೆ.

ಎರಡು ಮೂಳೆ ಬೇರೆ ಥರ ಕಂಡರೆ ಪ್ರಭೇದವೂ ಬೇರೆ ಅಂತ ಆಗುವುದಿಲ್ಲ. ಒಂದು ಮರಿ, ಇನ್ನೊಂದು ದೊಡ್ಡದು ಇರಬಹುದು. ಅಕಾಂಥೊಸ್ಟೆಗಾದ ತೋಳಿನ ಮೂಳೆಗಳನ್ನು ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ, ಬಹಳ ಪ್ರಬಲ ಎಕ್ಸ್‌ರೇ ಕೊಡುವ ಸಿಂಕ್ರೊಟ್ರಾನ್ ಯಂತ್ರದಲ್ಲಿ ಸ್ಕ್ಯಾನ್ ಮಾಡಿ, ಒಳಗಿನ ಬೆಳವಣಿಗೆಯ ಗೆರೆಗಳನ್ನು ಎಣಿಸಿದಾಗ, ಒಟ್ಟಿಗೆ ಸತ್ತು ಬಿದ್ದಿದ್ದ ಆ ಗುಂಪಿನಲ್ಲಿದ್ದವೆಲ್ಲ ಇನ್ನೂ ಪ್ರಾಯಕ್ಕೆ ಬಾರದವು ಅಂತ ಗೊತ್ತಾಯಿತು. ಕೆಲವಕ್ಕೆ ಆರು ವರ್ಷ ದಾಟಿತ್ತು, ಆದರೂ ಮರಿಗಳೇ. 2016ರಲ್ಲಿ ಇದು ಪ್ರಕಟವಾದಾಗ ನನಗೆ ನಿಜವಾಗಿ ಮೈ ಜುಮ್ಮೆಂದಿತ್ತು. ಅಷ್ಟು ವರ್ಷ ಎಲ್ಲರೂ ನೋಡುತ್ತಿದ್ದ ಪ್ರಾಣಿಯ ದೊಡ್ಡ ರೂಪ ನಮಗಿನ್ನೂ ಗೊತ್ತೇ ಇರಲಿಲ್ಲ. ಹಾಗಾಗಿ ಎಲುಬಿನ ತುದಿ ನೋಡಿ. ಸ್ಪಂಜಿನ ಹಾಗೆ, ಮುಗಿಯದ ಹಾಗೆ ಇದ್ದರೆ ಅದು ಬೆಳೆಯುತ್ತಿದ್ದ ಪ್ರಾಣಿ. ತಲೆಬುರುಡೆಯ ಮೇಲಿನ ಗುಳಿ, ಏಣುಗಳ ಕೆತ್ತನೆ ಕೂಡ ವಯಸ್ಸಿನ ಜೊತೆ ಬದಲಾಗುತ್ತದೆ.

ಇನ್ನೊಂದು, ಕಲ್ಲಿನ ಭಾರ. ಕೋಟಿಗಟ್ಟಲೆ ವರ್ಷ ಮೇಲಿನ ಪದರಗಳು ಒತ್ತಿ ಒತ್ತಿ ತಲೆಬುರುಡೆ ಚಪ್ಪಟೆಯಾಗಿರುತ್ತದೆ, ಓರೆಯಾಗಿರುತ್ತದೆ. ಇದನ್ನು ಹಿಡಿಯುವುದಕ್ಕೆ ಒಂದು ಸುಲಭ ಉಪಾಯ ಇದೆ. ಎಡಗಡೆ ಮತ್ತು ಬಲಗಡೆಯ ಅಳತೆ ಬೇರೆ ಬೇರೆ ಬರೆಯಿರಿ. ಬದುಕಿದ್ದಾಗ ಪ್ರಾಣಿಯ ಎರಡೂ ಕಣ್ಣುಗೂಡು ಹೆಚ್ಚುಕಡಿಮೆ ಒಂದೇ ಅಳತೆ ಇರುತ್ತದೆ ಅಲ್ವಾ? ಎಡದ್ದು ಗುಂಡಗೆ, ಬಲದ್ದು ಉದ್ದಕ್ಕೆ ಇದ್ದರೆ ಅದು ಕಲ್ಲು ಮಾಡಿದ ಕೆಲಸ. ನಿಮ್ಮ 'ಹೊಸ ಲಕ್ಷಣ' ಅಂಥ ಕಡೆ ಇದ್ದರೆ ಪಟ್ಟಿಯಿಂದ ತೆಗೆದುಬಿಡಿ. ಒಂದೇ ಪ್ರಭೇದದಲ್ಲೂ ಒಂದರ ಹಾಗೆ ಇನ್ನೊಂದು ಇರುವುದಿಲ್ಲ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಕ್ತಿಯೊಸ್ಟೆಗಾಗೆ 1932ರಲ್ಲಿ ಸ್ವೀಡನ್ನಿನ ಸೇವೆ-ಸೋಡರ್‌ಬರ್ಗ್ ಹಲವು ಪ್ರಭೇದ ಹೆಸರಿಸಿದ್ದರು, 2005ರಲ್ಲಿ ಎಲ್ಲವನ್ನೂ ಮತ್ತೆ ಅಳೆದು ನೋಡಿದಾಗ ಮೂರು ಉಳಿದವು.

ಇದೆಲ್ಲಕ್ಕಿಂತ ದೊಡ್ಡ ತೊಡಕು ಬೇರೆಯದು. ಅದೇ ಜಾಗದಲ್ಲಿ ಮುಂಚೆ ಹೆಸರಿಟ್ಟ ಪ್ರಾಣಿಯ ಭುಜ ಮಾತ್ರ ಗೊತ್ತಿದೆ, ನಿಮಗೆ ಸಿಕ್ಕಿರುವುದು ತೋಳು ಮಾತ್ರ ಅಂದುಕೊಳ್ಳಿ. ಎರಡನ್ನೂ ಹೇಗೆ ಹೋಲಿಸುತ್ತೀರಿ? ಹೈನರ್‌ಪೆಟಾನ್ ಸಿಕ್ಕ ಅದೇ ರಸ್ತೆ ಬದಿಯ ಕಲ್ಲಿನಲ್ಲಿ 1993ರಲ್ಲಿ ಒಂದು ತೋಳಿನ ಮೂಳೆಯೂ ಸಿಕ್ಕಿತ್ತು. 2004ರಲ್ಲಿ ಅದನ್ನು ವಿವರವಾಗಿ ಬರೆದರು. ಮೀನಿನ ತೋಳಿಗೂ ಕಾಲಿನ ಪ್ರಾಣಿಯ ತೋಳಿಗೂ ನಡುವಿನ ಬಹಳ ಮುಖ್ಯವಾದ ಮೂಳೆ ಅದು. ಆದರೂ ಹೊಸ ಹೆಸರು ಇಡಲಿಲ್ಲ, ಸಂಗ್ರಹದ ನಂಬರಿನಲ್ಲೇ ಕರೆದರು. ನನಗೆ ಆ ಸಂಯಮದ ಮೇಲೆ ಬಹಳ ಗೌರವ. ಹೆಸರಿಲ್ಲದೆಯೂ ಮೂಳೆ ಹೇಳಬೇಕಾದ್ದನ್ನು ಹೇಳಿತು. ಹಾಗೆಯೇ ಅಕ್ಕಪಕ್ಕ ಬಿದ್ದಿದ್ದ ಬಿಡಿ ಮೂಳೆಗಳನ್ನು ಸೇರಿಸಿ ಒಂದೇ ಪ್ರಾಣಿ ಅಂತ ಕಟ್ಟಬೇಡಿ, ಒಂದೇ ಹೊಳೆಯಲ್ಲಿ ಎರಡು ಮೂರು ಪ್ರಭೇದ ಇರುವುದು ಸಾಮಾನ್ಯ. ಮೂಳೆಗಳು ಒಂದಕ್ಕೊಂದು ಕೂಡಿಕೊಂಡೇ ಸಿಕ್ಕಿದ್ದರೆ ಮಾತ್ರ ಧೈರ್ಯವಾಗಿ ಹೇಳಿ.

ಈ ಎಲ್ಲ ವಾದದಲ್ಲಿ ಸೋಲದೆ ಉಳಿದ ಲಕ್ಷಣ ಒಂದಾದರೂ ಇದ್ದರೆ, ಬೇರೆ ಯಾವ ಪ್ರಾಣಿಯಲ್ಲೂ ಅದು ಇಲ್ಲದಿದ್ದರೆ, ಇಲ್ಲವೇ ನಾಲ್ಕೈದು ಲಕ್ಷಣ ಒಟ್ಟಿಗೆ ಇನ್ನೆಲ್ಲೂ ಸೇರಿ ಬರದಿದ್ದರೆ, ಆಗ ನಿಮ್ಮ ಕೈಯಲ್ಲಿ ಹೊಸದಿದೆ.

ವಂಶವೃಕ್ಷದಲ್ಲಿ ಜಾಗ

ಮುಂದಿನದು ಕಂಪ್ಯೂಟರಿನ ಕೆಲಸ. ದೊಡ್ಡ ಕೋಷ್ಟಕ ಇರುತ್ತದೆ, ಅಡ್ಡಕ್ಕೆ ಪ್ರಾಣಿಗಳು, ಉದ್ದಕ್ಕೆ ಲಕ್ಷಣಗಳು. ಬೆರಳು ಇಲ್ಲ ಅಂದರೆ 0, ಇದೆ ಅಂದರೆ 1. ಬೇರೆಯವರು ಪ್ರಕಟಿಸಿದ ಕೋಷ್ಟಕಕ್ಕೆ ನಿಮ್ಮ ಪ್ರಾಣಿಯ ಸಾಲು ಸೇರಿಸಬಹುದು. ಆ ಕೋಷ್ಟಕದಿಂದ ವಂಶವೃಕ್ಷ ಕಟ್ಟುವ ಟಿಎನ್‌ಟಿ ಅನ್ನುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಒಂದೇ ಎಚ್ಚರಿಕೆ. ಪಾದ ಸಿಕ್ಕಿಲ್ಲ ಅಂದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, 0 ಹಾಕಬೇಡಿ. ಸಿಕ್ಕಿಲ್ಲ ಅನ್ನುವುದೂ ಇರಲಿಲ್ಲ ಅನ್ನುವುದೂ ಬೇರೆ ಬೇರೆ, ಈ ಒಂದು ತಪ್ಪು ಪ್ರಾಣಿಯನ್ನು ಮರದ ಬೇರೆ ಕೊಂಬೆಗೇ ಕೂರಿಸಿಬಿಡುತ್ತದೆ.

ಹೆಸರಿಡುವುದು

ಹೆಸರಿಗೆ ನಿಯಮಗಳಿವೆ, ಪ್ರಾಣಿಗಳ ಹೆಸರಿಡುವ ಅಂತರರಾಷ್ಟ್ರೀಯ ಸಂಹಿತೆ ಅಂತ. ಒಂದು ಮಾದರಿಯನ್ನು ಹೋಲೋಟೈಪ್ ಅಂತ ಗೊತ್ತು ಮಾಡಬೇಕು, ಹೆಸರು ಅದಕ್ಕೇ ಕಟ್ಟಿದ್ದು. ಅದು ಯಾವ ಸಂಗ್ರಹದಲ್ಲಿದೆ ಅಂತ ಹೇಳಬೇಕು. ಟಿಕ್ಟಾಲಿಕ್‌ನ ಹೋಲೋಟೈಪ್ ಎನ್‌ಯುಎಫ್‌ವಿ 108, ಆ ಅಕ್ಷರಗಳಲ್ಲಿ ಎಲ್ಸ್‌ಮಿಯರ್ ದ್ವೀಪ ಇರುವ ನುನಾವುಟ್ ಪ್ರದೇಶದ ಹೆಸರಿದೆ, ಅದರ ನೆಲದ್ದು ಅದರ ಲೆಕ್ಕಕ್ಕೆ. ಬೇರೆ ಪ್ರಾಣಿಗಳಿಂದ ಹೇಗೆ ಬೇರೆ ಅಂತ ಬರೆಯಬೇಕು. ಮನೆಯಲ್ಲಿ ಇಟ್ಟುಕೊಂಡ ಮೂಳೆಯ ಮೇಲೆ ಹೆಸರು ನಿಲ್ಲುವುದಿಲ್ಲ, ನಾಳೆ ಯಾರೋ ಬಂದು ಕೇಳಿದರೆ ತೋರಿಸುವ ಹಾಗಿರಬೇಕು. ಆನ್‌ಲೈನ್‌ನಲ್ಲಷ್ಟೇ ಬರುವ ಪತ್ರಿಕೆಯಾದರೆ ಪ್ರಾಣಿಗಳ ಹೆಸರು ದಾಖಲಿಸುವ ಝೂಬ್ಯಾಂಕ್‌ನಲ್ಲಿ ನೋಂದಾಯಿಸಬೇಕು. ಪ್ರಕಟವಾಗುವ ಮುಂಚೆ ಹೆಸರನ್ನು ಎಲ್ಲೂ ಹಾಕಬೇಡಿ, ಫೇಸ್‌ಬುಕ್‌ನಲ್ಲಿ ಕೂಡ.

ಹೆಸರು ಯಾವುದಾದರೂ ಆಗಬಹುದು, ಆದರೆ ಬೇರೆ ಪ್ರಾಣಿಗೆ, ಒಂದು ಜೀರುಂಡೆಗೆ ಕೂಡ, ಆ ಕುಲದ ಹೆಸರು ಮೊದಲೇ ಇರಬಾರದು. ಹುಡುಕಿ ನೋಡಿ. ಈ ಗುಂಪಿನಲ್ಲಿ 'ಸ್ಟೆಗಾ' ಅಂತ ಕೊನೆಯಾಗುವುದು ಜಾಸ್ತಿ, ಗ್ರೀಕಿನಲ್ಲಿ ಛಾವಣಿ, ತಲೆಬುರುಡೆಯ ಮೇಲ್ಭಾಗ ನೋಡಿ ಇಟ್ಟದ್ದು. 'ಎರ್ಪೆಟಾನ್' ಅಂದರೆ ತೆವಳುವ ಪ್ರಾಣಿ. ಹೆಣ್ಣಿನ ಗೌರವಕ್ಕೆ ಇಟ್ಟರೆ ಕೊನೆಯಲ್ಲಿ 'ಎ' ಬರುವ ಸ್ತ್ರೀಲಿಂಗ ರೂಪ, ಗಂಡಿಗಾದರೆ 'ಇ'. ನಮೀಬಿಯಾದಲ್ಲಿ ಸಿಕ್ಕ, 28 ಕೋಟಿ ವರ್ಷ ಹಳೆಯ, 60 ಸೆಂಟಿಮೀಟರಿಗೂ ಉದ್ದದ ತಲೆಯ ದೈತ್ಯಪ್ರಾಣಿಗೆ 2024ರಲ್ಲಿ ಗಯಾಸಿಯಾ ಜೆನ್ನಿಯೆ ಅಂತ ಹೆಸರಿಟ್ಟರು, 2020ರಲ್ಲಿ ತೀರಿಕೊಂಡ ಜೆನ್ನಿ ಕ್ಲಾಕ್ ನೆನಪಿಗೆ. ಟಿಕ್ಟಾಲಿಕ್ ಅನ್ನುವುದು ಅಲ್ಲಿನ ಇನುಕ್ಟಿಟುಟ್ ಭಾಷೆಯ ಮಾತು, ಸಿಹಿನೀರಿನ ದೊಡ್ಡ ಮೀನು ಅಂತ ಅರ್ಥ, ಸೂಚಿಸಿದ್ದು ಅಲ್ಲಿನ ಹಿರಿಯರು. ಯಾರ ನೆಲದಲ್ಲಿ ಸಿಕ್ಕಿತೋ ಅವರನ್ನು ಕೇಳಿ ಇಡುವುದು ನನಗೆ ಬಹಳ ಹಿಡಿಸಿದ ಪದ್ಧತಿ. ಪೆಡರ್ಪೆಸ್‌ನಲ್ಲಂತೂ ಇಬ್ಬರಿದ್ದಾರೆ, ಪೆಡರ್ ಅಂದರೆ ಹುಡುಕಿದ ಪೆಡರ್ ಆಸ್ಪೆನ್, ಫಿನ್ನೀಯೆ ಅಂದರೆ ಕಲ್ಲಿನಿಂದ ಬಿಡಿಸಿದ ಸಾರಾ ಫಿನ್ನಿ. ಬಿಡಿಸಿದವರ ಹೆಸರನ್ನು ಲೇಖನದಲ್ಲಾದರೂ ತಪ್ಪದೆ ಹಾಕಿ.

ಪ್ರಕಟವಾದ ಮೇಲೆ ಅಚ್ಚುಗಳನ್ನು ಬೇರೆ ಮ್ಯೂಸಿಯಂಗಳಿಗೆ ಕಳಿಸಿ, ಸ್ಕ್ಯಾನ್‌ಗಳನ್ನು ಎಲ್ಲರಿಗೂ ಸಿಗುವ ಕಡೆ ಇಡಿ. ಮೂಳೆಯನ್ನು ಪೆಟ್ಟಿಗೆಯಲ್ಲಿ ಮೆತ್ತನೆಯ ಫೋಮ್ ಕತ್ತರಿಸಿ ಕೂರಿಸಿ, ಹೊಸ ಹೆಸರಿನ ಚೀಟಿಯಲ್ಲಿ ನಿಮ್ಮ ಹೆಸರು, ದಿನಾಂಕ ಬರೆಯಿರಿ. ಅದರ ಜೊತೆ ಮುಂಚೆ ಇದ್ದ ಚೀಟಿ, 'ಮೀನು' ಅಂತ ಬರೆದಿದ್ದರೂ ಸರಿಯೇ, ಬಿಸಾಡಬೇಡಿ. ಎಲ್ಲಿ ಸಿಕ್ಕಿತು, ಯಾವ ವರ್ಷ ಅಂತ ಬಹಳ ಸಲ ಅದರಲ್ಲಿ ಮಾತ್ರ ಬರೆದಿರುತ್ತದೆ. ಹೊಸದರ ಹಿಂದೆ ಅದನ್ನೂ ಇಟ್ಟು ಡ್ರಾಯರ್ ಮುಚ್ಚಿ.